ನೋಟದ ಕೋಣೆಯ ದುರ್ಬೀನು

ಒಂದು ಬಾಟಲಿಯನ್ನು ನೋಡಲು ಹತ್ತು ಎಣಿಸುವಷ್ಟು ಹೊತ್ತು ಬೇಕು. ಕತ್ತು ಹಿಡಿದು ಎತ್ತಿ, ಒಮ್ಮೆ ತಲೆಕೆಳಗು ಮಾಡಿ, ಮೆಲ್ಲಗೆ ತಿರುಗಿಸಿ, ಕಪ್ಪು ಹಲಗೆಯ ಮುಂದೆ ಐದು ಎಣಿಸಬೇಕು. ಹಾಗೇ ಪಕ್ಕಕ್ಕೆ ಸರಿಸಿ ಬಿಳಿ ಹಲಗೆಯ ಮುಂದೆ ಮತ್ತೆ ಐದು. ಗಾಜಿನ ಚೂರೋ ಹತ್ತಿಯ ಎಳೆಯೋ ಇದ್ದರೆ ಕಪ್ಪಿನ ಮುಂದೆ ಮಿನುಗುತ್ತದೆ. ಕೂದಲು, ತುಕ್ಕು, ರಬ್ಬರಿನ ಕಣ ಇದ್ದರೆ ಬಿಳಿಯ ಮುಂದೆ ತೇಲುತ್ತದೆ. ಏನೂ ಕಾಣದಿದ್ದರೆ ಬಾಟಲಿ ಬಲಗಡೆಯ ತಟ್ಟೆಗೆ ಹೋಗುತ್ತದೆ, ಅಲ್ಲಿಂದ ಯಾರದೋ ರಕ್ತನಾಳಕ್ಕೆ. ಏನಾದರೂ ಕಂಡರೆ ಎಡಗಡೆ ಬೀಗ ಹಾಕಿಟ್ಟ ಕೆಂಪು ಪೆಟ್ಟಿಗೆಯ ಕಿಂಡಿಯೊಳಗೆ.

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಇಂಜೆಕ್ಷನ್ ಔಷಧ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಇದೊಂದೇ ಕೆಲಸ ಮಾಡಿದಳು. ಅವಳು ಕೂರುತ್ತಿದ್ದ ಜಾಗಕ್ಕೆ ನೋಟದ ಕೋಣೆ ಎಂದೇ ಹೆಸರು. ಕಿಟಕಿ ಇಲ್ಲ. ಎಂಟು ಗೂಡುಗಳು, ಒಂದೊಂದು ಗೂಡಿಗೂ ಮರೆಯಲ್ಲಿಟ್ಟ ಒಂದು ಟ್ಯೂಬ್‌ಲೈಟು, ಒಂದು ಎತ್ತರದ ಸ್ಟೂಲು, ಒಬ್ಬ ಹೆಂಗಸು. ಗಂಟೆಗೊಮ್ಮೆ ಬೆಲ್ಲು ಬಾರಿಸಿದಾಗ ಎಲ್ಲರೂ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ನೋಡುವಾಗ ಮಾತಾಡುವಂತಿಲ್ಲ. ಹಾಗಾಗಿ ಸೊಸೆಯ ಮೇಲಿನ ದೂರು, ಗಂಡನ ಗೊರಕೆ, ಮಂಡಿನೋವು, ಎಲ್ಲವೂ ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದವು. "ಮುಖ ಕಾಣದಿದ್ರೆ ಜಗಳ ಆಡೋದು ಎಷ್ಟು ಸಲೀಸು ನೋಡ್ರೇ," ಎನ್ನುತ್ತಿದ್ದಳಂತೆ ಪಕ್ಕದ ಗೂಡಿನವಳು. ಬಾಯಿಗೆ ಬಿಡುವಿಲ್ಲದ ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಯಾರಿಗೂ ಕಾಣದ ಎಳೆಯನ್ನು ಕಾಣುತ್ತಿದ್ದ ಅತ್ತೆಗೆ ದುರ್ಬೀನು ಎಂದು ಹೆಸರಿಟ್ಟವಳೂ ಈ ಗಿಣಿಯೇ.

ಅತ್ತೆ ಈ ಕೆಲಸಕ್ಕೆ ಸೇರಿದ್ದೇ ಮನೆಯವರ ಮಾತು ಮೀರಿ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಎರಡು ವರ್ಷ ಅವನ, ಎಂದರೆ ನನ್ನ ಅಪ್ಪನ, ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಗುಡಿಸಿದಳು. ಒಂದು ದಿನ ಯಾರೋ ಹಿಟ್ಟು ಕಟ್ಟಿಕೊಂಡು ಹೋಗಲು ತಂದ ಹಳೇ ಪತ್ರಿಕೆಯಲ್ಲಿ ಈ ಕೆಲಸದ ಜಾಹೀರಾತು ಕಂಡಿತು. ಮೂರು ವಾರ ಹಿಂದಿನದು.

"ಅಕ್ಕ, ಅದು ಯಾವತ್ತೋ ಭರ್ತಿ ಆಗಿರುತ್ತೆ," ಎಂದ ಅಪ್ಪ.

"ನೀನು ಕಂಡಿದ್ದಾ, ಕೇಳಿದ್ದಾ?"

"ಕಾಣೋದೇನು ಬಂತು, ಯಾರಿಗಾದ್ರೂ ಗೊತ್ತಾಗುತ್ತೆ."

"ಹಾಗಾದ್ರೆ ನಾನು ಕಂಡು ಬರ್ತೀನಿ," ಎಂದು ಒಂದು ಸೀರೆ, ಒಂದು ಟವೆಲ್ಲು ಚೀಲಕ್ಕೆ ಹಾಕಿಕೊಂಡು ಹೊರಟವಳು, ಮರಳಿ ಬಂದದ್ದು ಎರಡು ತಿಂಗಳ ಮೇಲೆ, ಮೊದಲ ರಜೆಗೆ. ಕಂಡಿದ್ದಾ, ಕೇಳಿದ್ದಾ ಎಂಬ ಆ ಪ್ರಶ್ನೆಯನ್ನು ಅವಳು ಎಲ್ಲರಿಗೂ ಕೇಳುತ್ತಿದ್ದಳು. ಆ ಬೀದಿಯಲ್ಲಿ ಹೆಂಗಸರು ಒಬ್ಬರೇ ಓಡಾಡಬಾರದು ಎಂದವರಿಗೆ, ಆ ಡಾಕ್ಟರ ಕೈಗುಣ ಚೆನ್ನಾಗಿಲ್ಲ ಎಂದವರಿಗೆ, ಹುಡುಗಿಯರು ಡಿಗ್ರಿ ಮಾಡಿದರೆ ತಲೆ ತಿರುಗುತ್ತದೆ ಎಂದ ನನ್ನ ಅಜ್ಜಿಗೂ. ಹಾಗೆ ಕೇಳಿ ಕೇಳಿಯೇ ನನ್ನನ್ನು ತನ್ನ ಬಾಡಿಗೆ ಕೋಣೆಗೆ ಕರೆದುಕೊಂಡು ಬಂದು ಕಾಲೇಜಿಗೆ ಸೇರಿಸಿದ್ದಳು.

ಅತ್ತೆಗೆ ಬಸ್ಸಿನ ಹುಚ್ಚು ಹಿಡಿಸಿದ್ದು ಕಾರ್ಖಾನೆಯ ಕಣ್ಣಿನ ಡಾಕ್ಟರು. "ಇಡೀ ದಿನ ಗೇಣು ದೂರದಲ್ಲೇ ನೋಡ್ತಾ ಕೂತ್ರೆ ಕಣ್ಣು ಗೇಣಿಗೇ ಒಗ್ಗಿಬಿಡುತ್ತೆ. ರಜಾ ದಿನ ದೂರ ನೋಡಿ," ಎಂದು ಅವರು ಎಂಟು ಹೆಂಗಸರಿಗೂ ಹೇಳಿದ್ದರು. ಏಳು ಜನ ಮಹಡಿ ಹತ್ತಿ ಪಕ್ಕದ ಮನೆಯ ಬಟ್ಟೆ ಒಣಗುವುದನ್ನು ನೋಡಿದರು. ಅತ್ತೆ ಬಸ್ ನಿಲ್ದಾಣಕ್ಕೆ ಹೋದಳು. ಭಾನುವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ನಿಂತು, ಅವಳ ಕಣ್ಣೆದುರು ಮೊದಲು ಹೊರಡುವ ಬಸ್ಸು ಯಾವುದೋ ಅದನ್ನು ಹತ್ತುವುದು, ಕೊನೇ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಳ್ಳುವುದು, ಅಲ್ಲಿ ಏನಿದೆಯೋ ಅದನ್ನು ನೋಡಿ ಸಂಜೆಗೆ ವಾಪಸಾಗುವುದು. ಒಂದು ಸಲ ಕೊನೇ ನಿಲ್ದಾಣದಲ್ಲಿ ಇದ್ದದ್ದು ಹಾಳುಬಿದ್ದ ಕಲ್ಲುಗಣಿ, ಅದರ ತಳದಲ್ಲಿ ಹಸಿರು ನೀರು. ಇನ್ನೊಂದು ಸಲ ಬರೀ ಒಂದು ನೀರಿನ ಟ್ಯಾಂಕು. ಅದರ ನೆರಳಲ್ಲಿ ನಾಲ್ಕು ಗಂಟೆ ಕೂತು ಬಂದಿದ್ದಳು. ಮತ್ತೊಮ್ಮೆ ಬಸ್ಸು ಕೆಟ್ಟು, ಈರುಳ್ಳಿ ಮೂಟೆ ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತು ಬಂದಳು. ಅಪ್ಪ ಸುದ್ದಿ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. "ಕಾಲಿಗೆ ಚಕ್ರ ಕಟ್ಕೊಂಡಿದ್ದಾಳೆ ನಮ್ಮಕ್ಕ," ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿದ.

ಗಿಣಿ ಒಂದೇ ಒಂದು ಸಲ ಜೊತೆಗೆ ಹೋಗಿದ್ದಳು.

"ಕೊನೇ ಸ್ಟಾಪಲ್ಲಿ ಏನಿದೆಯೇ?"

"ಗೊತ್ತಿಲ್ಲ."

"ಗೊತ್ತಿಲ್ಲದ ಜಾಗಕ್ಕೆ ಹೀಗೆ ಖುಷಿಯಾಗಿ ಹೊರಡೋರು ಎಲ್ಲಾದ್ರೂ ಇದ್ದಾರಾ? ಸತ್ತೋರು ಮಾತ್ರ ಹಾಗೆ ಹೋಗ್ತಾರೆ. ಅವರೂ ಖುಷಿಯಾಗಿ ಹೋಗಲ್ಲ, ನಾಲ್ಕು ಜನ ಹೊತ್ಕೊಂಡು ಹೋಗ್ಬೇಕು."

ನನ್ನ ಕೊನೆಯ ವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ ನಾನೂ ಹೋಗಿದ್ದೆ. ಬಸ್ಸು ಒಂದು ದೊಡ್ಡ ಕೆರೆಯ ಏರಿಯ ಹತ್ತಿರ ನಿಂತಿತು. ಏರಿಯುದ್ದಕ್ಕೂ ಕರೆಂಟಿನ ಕಂಬಗಳು. ಅತ್ತೆ ಬಹಳ ಹೊತ್ತು ನೋಡಿ ಕೇಳಿದಳು:

"ಮರೀ, ಆ ಮೂರನೇ ಕಂಬದ ಸೊಂಟ ಮುರಿದಿದೆಯಾ?"

"ಇಲ್ಲ ಅತ್ತೆ, ನೆಟ್ಟಗಿದೆ."

"ನಾಲ್ಕನೆಯದು?"

"ಅದೂ ನೆಟ್ಟಗಿದೆ."

ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು. ಆಮೇಲೆ ಡಬ್ಬಿ ಬಿಚ್ಚಿ ಊಟ ಬಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಮೊದಲ ಬಾರಿಗೆ ನನಗೆ ಬಿಟ್ಟುಕೊಟ್ಟಳು.

ಕಾರ್ಖಾನೆಯ ಡಾಕ್ಟರ ಹತ್ತಿರ ಹೋದರೆ ವಿಷಯ ಅದೇ ದಿನ ಮೇಲಿನವರ ಕಿವಿಗೆ ಬೀಳುತ್ತದೆ. ಹಾಗಾಗಿ ಊರಿನ ಇನ್ನೊಂದು ತುದಿಯಲ್ಲಿದ್ದ ಬೇರೊಬ್ಬ ಡಾಕ್ಟರಲ್ಲಿಗೆ ಹೋದೆವು. ಅವರು ಚೌಕುಳಿಯ ಒಂದು ಕಾಗದ ಕೊಟ್ಟು, ನಡುವಿನ ಚುಕ್ಕೆಯನ್ನು ನೋಡಿ ಗೆರೆಗಳು ಹೇಗೆ ಕಾಣುತ್ತವೆ ಹೇಳಿ ಎಂದರು.

"ಚುಕ್ಕೆ ಎಲ್ಲಿದೆ?" ಎಂದಳು ಅತ್ತೆ.

ಕಣ್ಣಿನ ಹಿಂಭಾಗದ ಪರದೆ ನಡುವಿನಲ್ಲಿ ಸವೆಯುತ್ತಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಅವರು ಸಮಾಧಾನವಾಗಿಯೇ ತಿಳಿಸಿದರು. "ಪೂರ್ತಿ ಕುರುಡಾಗೋದಿಲ್ಲಮ್ಮ. ಅಂಚು ಕಾಣುತ್ತೆ. ನೇರವಾಗಿ ಯಾವುದನ್ನ ನೋಡ್ತೀರೋ ಅದು ಮಾತ್ರ ಕಾಣೋದಿಲ್ಲ."

"ಎಷ್ಟು ದಿನದಲ್ಲಿ?"

"ಹೇಳೋಕಾಗಲ್ಲ. ಹೀಗೇ ನಿಂತರೂ ನಿಲ್ಲಬಹುದು."

ಅತ್ತೆಗೆ ಆಗ ಐವತ್ತೊಂದು. ನಿವೃತ್ತಿಗೆ ಇನ್ನೂ ಏಳು ವರ್ಷ. ನೋಟದ ಕೋಣೆಯವರಿಗೆ ಕಣ್ಣು ಹೋದರೆ ಕಾರ್ಖಾನೆಯಲ್ಲಿ ಬೇರೆ ಕೆಲಸವಿಲ್ಲ. ಕೆಲಸ ಹೋದರೆ ಬಾಡಿಗೆಯ ಈ ಕೋಣೆ ಇಲ್ಲ. ಕೋಣೆ ಬಿಟ್ಟರೆ ತಮ್ಮನ ಮನೆ. ಅಲ್ಲಿ ಊಟಕ್ಕೆ ಕೊರತೆಯಿಲ್ಲ, ಪ್ರೀತಿಗೂ ಇಲ್ಲ. ಆದರೆ ಅಲ್ಲಿಂದ ಒಬ್ಬಳೇ ಬಸ್ಸು ಹತ್ತಲು ಯಾರೂ ಬಿಡುವುದಿಲ್ಲ, ಅದೂ ಕಣ್ಣು ಮಂಜಾದವಳನ್ನು. ಇಪ್ಪತ್ತೇಳು ವರ್ಷದ ಹಿಂದೆ ಚೀಲ ಹಿಡಿದು ಯಾವ ಬಾಗಿಲು ದಾಟಿದ್ದಳೋ ಅದೇ ಬಾಗಿಲಿನೊಳಗೆ ಹೋಗಿ ಕೂರಬೇಕು. ಅವತ್ತು ಸಂಜೆ ಅವಳು ಕೋಣೆಯ ಮೂಲೆಮೂಲೆಯನ್ನು ಒರೆಸಿ, ನೆಲ ತೊಳೆದು, ತೊಳೆದ ನೆಲವನ್ನೇ ಮತ್ತೆ ತೊಳೆದಳು.

ಮುಂದಿನ ವಾರವೇ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಎಂಟು ಹೆಂಗಸರ ಕಣ್ಣನ್ನೂ ಕಾರ್ಖಾನೆ ಪರೀಕ್ಷಿಸುತ್ತಿತ್ತು. ನೂರು ಬಾಟಲಿಗಳ ಒಂದು ತಟ್ಟೆ. ಅದರಲ್ಲಿ ಇಪ್ಪತ್ತು ಬೇಕೆಂದೇ ಕೆಡಿಸಿಟ್ಟವು. ಹದಿನೆಂಟನ್ನಾದರೂ ಹುಡುಕಿ ತೆಗೆಯಬೇಕು. ಆದರೆ ಆ ನೂರು ಬಾಟಲಿಗಳನ್ನು ಒಂಬತ್ತು ವರ್ಷದಿಂದ ಬದಲಾಯಿಸಿರಲಿಲ್ಲ. ಹೆಂಗಸರಿಗೆ ಅವು ನೆಂಟರಷ್ಟೇ ಗುರುತು. ಒಂದರ ತಳದಲ್ಲಿ ಗಾಳಿಗುಳ್ಳೆ, ಒಂದರ ಮುಚ್ಚಳದ ಅಂಚು ಸೊಟ್ಟ, ಒಂದರ ಕತ್ತು ಕೊಂಚ ದಪ್ಪ. ಕೆಟ್ಟ ಬಾಟಲಿಗಳಿಗೆಲ್ಲ ಹೆಸರಿಟ್ಟಿದ್ದರು. ಗಾಜಿನ ಚೂರು ಮಿನುಗುವುದು ಮೂಗುತಿ. ಉದ್ದ ಕೂದಲಿನದು ಮುದುಕಿ. ಎಷ್ಟು ತಿರುಗಿಸಿದರೂ ಕತ್ತಿನಲ್ಲೇ ಅಡಗಿ ಕೂತು ಕೊನೇ ಗಳಿಗೆಗೆ ಇಳಿಯುವ ಕಣದ್ದು ಅಳಿಯ. "ಊಟಕ್ಕೆ ಕರೆಯೋವರೆಗೂ ಒಳಗಿಂದ ಬರಲ್ಲ," ಎಂದು ಗಿಣಿಯ ವಿವರಣೆ. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಪರೀಕ್ಷೆಯ ದಿನ ಹಳೇ ಪರಿಚಯದವರನ್ನು ನೋಡಿ ಮಾತಾಡಿಸಿದಂತೆ ಅಷ್ಟೇ.

ಅತ್ತೆ ಇಪ್ಪತ್ತಕ್ಕೆ ಇಪ್ಪತ್ತನ್ನೂ ಹಿಡಿದಳು.

ಆ ಸಂಜೆ ಕೋಣೆಗೆ ಬಂದು ಚಪ್ಪಲಿ ಬಿಚ್ಚದೆ ಮಂಚದ ಮೇಲೆ ಕೂತಳು. ಪಾಸಾಯಿತಲ್ಲ ಎಂದು ನಾನು ಖುಷಿಪಟ್ಟೆ.

"ಅಳಿಯನನ್ನ ತೆಗೆದು ಪೆಟ್ಟಿಗೆಗೆ ಹಾಕಿದೆ," ಎಂದಳು. "ಹಾಕಿದ ಮೇಲೆ ನೆನಪಾಯಿತು, ಒಳಗಿನ ಕಣ ನನಗೆ ಕಾಣಲೇ ಇಲ್ಲ. ಮುಚ್ಚಳ ಸೊಟ್ಟ ಇತ್ತು, ಅದು ಬೆರಳಿಗೆ ಸಿಕ್ತು. ಮೂಗುತಿನೂ ಹಾಗೇ. ಮುದುಕಿನೂ ಹಾಗೇ. ಒಂದನ್ನೂ ನಾನು ನೋಡಿಲ್ಲ ಮರೀ. ಗುರುತು ಹಿಡಿದೆ ಅಷ್ಟೇ."

"ದಿನದ ಬಾಟಲಿ ಕಾಣುತ್ತಲ್ಲ ಅತ್ತೆ?"

"ಅದೇ ಗೊತ್ತಾಗ್ಬೇಕು."

ಗೊತ್ತು ಮಾಡಿಕೊಳ್ಳಲು ಅವಳೇ ದಾರಿ ಹುಡುಕಿದಳು. ಕಾಲೇಜಿನ ಪ್ರಯೋಗಾಲಯದಿಂದ ನಾನು ಹನ್ನೆರಡು ಸಣ್ಣ ಗಾಜಿನ ಶೀಶೆಗಳನ್ನು ಕೇಳಿ ತಂದೆ. ಭಾನುವಾರ ಬೆಳಿಗ್ಗೆ, ಬಸ್ ನಿಲ್ದಾಣಕ್ಕೆ ಹೋಗಬೇಕಾದ ಹೊತ್ತಿನಲ್ಲಿ, ಕುರ್ಚಿಯ ಬೆನ್ನಿಗೆ ಒಂದು ಕಪ್ಪು ಲಂಗ, ಒಂದು ಬಿಳಿ ಟವೆಲ್ಲು ಕಟ್ಟಿ ಮೇಜಿನ ದೀಪ ಹಚ್ಚಿದೆವು. ಅವಳು ಹೊರಗೆ ನಿಂತಳು. ನಾನು ಶೀಶೆಗಳಿಗೆ ಸೋಸಿದ ನೀರು ತುಂಬಿ, ಏಳರಲ್ಲಿ ಟವೆಲ್ಲಿನ ಎಳೆ, ಕೂದಲಿನ ತುಂಡು, ಪೆನ್ಸಿಲಿನ ಪುಡಿ ಹಾಕಿ ಮುಚ್ಚಳ ಬಿಗಿದೆ. ಯಾವುವು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಅತ್ತೆ ಒಂದೊಂದನ್ನೂ ಎತ್ತಿ, ತಲೆಕೆಳಗು ಮಾಡಿ, ತುಟಿ ಅಲ್ಲಾಡಿಸುತ್ತ ಎಣಿಸಿದಳು. ಅವಳು ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾಲ್ಕು ಶೀಶೆಗಳನ್ನು ಎಡಕ್ಕಿಟ್ಟಳು, ಎಂಟನ್ನು ಬಲಕ್ಕಿಟ್ಟಳು.

"ಎಷ್ಟು ಸರಿ?"

ಎಡಕ್ಕಿಟ್ಟ ನಾಲ್ಕರಲ್ಲಿ ಮೂರು ಸರಿ. ಒಂದರಲ್ಲಿ ಏನೂ ಇರಲಿಲ್ಲ. ಬಲಕ್ಕಿಟ್ಟ ಎಂಟರಲ್ಲಿ ನಾಲ್ಕು ಕೆಟ್ಟವು ಸೇರಿಕೊಂಡಿದ್ದವು. ನನ್ನ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಆ ಕೋಣೆ ಹೋದರೆ ನನಗೂ ಇರಲು ಜಾಗವಿಲ್ಲ.

"ನಾಲ್ಕೂ ಸರಿ. ಒಂದೇ ಒಂದು ತಪ್ಪಿಹೋಯ್ತು," ಎಂದೆ.

ಅತ್ತೆ ಬಲಗಡೆಯ ಎಂಟು ಶೀಶೆಗಳನ್ನೂ ಒಂದೊಂದಾಗಿ ಬಿಳಿ ಟವೆಲ್ಲಿನ ಬೇರೆ ಬೇರೆ ಜಾಗಕ್ಕೆ ಸುರಿದಳು. ಒದ್ದೆ ಬಟ್ಟೆಯ ಮೇಲೆ ಬೆರಳ ತುದಿಯಿಂದ ತಡವಿದಳು. ಕೂದಲಿನ ತುಂಡು ಸಿಕ್ಕಿತು. ಪೆನ್ಸಿಲಿನ ಪುಡಿ ಉಗುರಿಗೆ ಹತ್ತಿತು. ಉಗುರನ್ನು ಕಣ್ಣಿನ ಪಕ್ಕಕ್ಕೆ ತಂದು ಓರೆಯಾಗಿ ನೋಡಿದಳು.

"ನೀನೂ ಸುಳ್ಳು ಹೇಳ್ತೀಯಾ ಮರೀ?" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಮರುದಿನ ಕೆಲಸಕ್ಕೆ ಹೋದಳು. ಹತ್ತು ಎಣಿಸುವ ಕಡೆ ಮೂವತ್ತು ಎಣಿಸಿದಳು. ಅವಳ ತಟ್ಟೆಗಳು ಹಿಂದೆ ಬಿದ್ದವು. ಮೂರನೇ ದಿನ ಮೇಲ್ವಿಚಾರಕರು, "ಏನಮ್ಮ ದುರ್ಬೀನು, ಬಾಟಲಿಗೆ ಜೋಗುಳ ಹಾಡ್ತಿದ್ದೀಯಾ?" ಎಂದು ಕೇಳಿದರಂತೆ. ಅವತ್ತು ಸಂಜೆ ಗಿಣಿ ಕೋಣೆಗೆ ಬಂದಳು. ಅತ್ತೆ ಎಲ್ಲವನ್ನೂ ಅವಳಿಗೆ ಹೇಳಿದಳು. ಗಿಣಿ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟಳು.

"ಯಾರ ಮುಂದೆ ಹೇಳಿದ್ದೀಯ?"

"ನಿನ್ನ ಮುಂದೆ."

"ಹಾಗಿದ್ರೆ ಇಲ್ಲಿಗೇ ನಿಲ್ಲಿಸು. ಹುಷಾರಿಲ್ಲ ಅಂತ ಬರೆದುಕೊಟ್ಟು ಬಿಟ್ಟುಬಿಡು. ಸೊಂಟ ನೋವು, ರಕ್ತದೊತ್ತಡ, ಏನಾದ್ರೂ ಹೇಳು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಏಳು ವರ್ಷ ತಳ್ಳು. ಆದ್ರೆ ಆ ನೂರು ಬಾಟಲಿ ಸುದ್ದಿ ಮಾತ್ರ ಎತ್ತಬೇಡ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತಾಳೆ! ಹೊಸ ಬಾಟಲಿ ಮಾಡ್ತಾರೆ ಕಣೇ. ನಿನಗೊಬ್ಬಳಿಗೇ ವಯಸ್ಸಾಗಿರೋದು ಅಂದ್ಕೊಂಡಿದ್ದೀಯಾ? ನನ್ನ ಮಗಳ ಹೆರಿಗೆ ಮುಂದಿನ ತಿಂಗಳು. ಮನೇಲಿ ದುಡಿಯೋಳು ನಾನೊಬ್ಬಳೇ."

"ನಿನಗೂ ಕಾಣ್ತಿಲ್ವಾ?"

ಗಿಣಿ ಮುಖ ತಿರುಗಿಸಿದಳು. "ಇಷ್ಟು ವರ್ಷ ಏನಾದ್ರೂ ಆಗಿದ್ದು ಕೇಳಿದ್ದೀಯಾ? ಯಾರಾದ್ರೂ ಸತ್ತರಾ? ಇಲ್ಲ ತಾನೇ?" ಎಂದಳು. ನಾನು ಅತ್ತೆಯ ಮುಖ ನೋಡಿದೆ. ಕಂಡಿದ್ದಾ, ಕೇಳಿದ್ದಾ ಎನ್ನುತ್ತಾಳೆ ಎಂದುಕೊಂಡೆ. ಅವಳು ಟೀ ಲೋಟ ಎತ್ತಿಕೊಂಡು ಹೋಗಿ ತೊಳೆದಳು.

ಗುರುವಾರ ಅವಳು ರಜೆ ಹಾಕಿದಳು. ಕೆಲಸದ ದಿನ ರಜೆ ಹಾಕಿ ಬಸ್ಸು ಹತ್ತಿದ್ದು ಅದೊಂದೇ ಸಲ. ಕೊನೇ ನಿಲ್ದಾಣ ಒಂದು ಸಣ್ಣ ಊರು. ಬಿಸಿಲಿಗೆ ನಿಲ್ಲಲು ಬೇರೆ ಜಾಗವಿಲ್ಲದೆ, ಅಲ್ಲಿದ್ದ ಎರಡು ಕೋಣೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳಂತೆ. ಇಪ್ಪತ್ತೇಳು ವರ್ಷ ದಿನಕ್ಕೆ ಸಾವಿರಾರು ಬಾಟಲಿ ನೋಡಿದವಳು, ಅಂಥ ಬಾಟಲಿಯನ್ನು ಯಾರಾದರೂ ಬಳಸುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅವತ್ತು ನೋಡಿದಳು. ಕಣ್ಣ ಅಂಚಿನಿಂದ.

"ಒಬ್ಬ ಮುದುಕನಿಗೆ ಜ್ವರ," ಎಂದು ಸಂಜೆ ನನಗೆ ಹೇಳಿದಳು. "ನರ್ಸಮ್ಮ ಬಾಟಲಿ ತೆಗೆದಳು, ಮುಚ್ಚಳ ಕಿತ್ತಳು, ಸೂಜಿ ಚುಚ್ಚಿ ಎಳೆದಳು, ಅವನ ತೋಳಿಗೆ ಹಾಕಿದಳು. ಮುಗೀತು. ಎತ್ತಿ ನೋಡಲೇ ಇಲ್ಲ. ಬೆಳಕಿಗೆ ಹಿಡಿಯಲೇ ಇಲ್ಲ. ಅವನೂ ನೋಡಲಿಲ್ಲ. ಅವನ ಹೆಂಡತಿನೂ ನೋಡಲಿಲ್ಲ. ಯಾಕೆ ನೋಡ್ಬೇಕು? ಯಾರೋ ನೋಡಿರ್ತಾರೆ ಅಂತ."

ಶುಕ್ರವಾರ ಬೆಳಿಗ್ಗೆ ಗುಣಮಟ್ಟ ವಿಭಾಗದ ಮೇಡಂ ಬರುವ ಮೊದಲೇ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

"ಮೇಡಂ, ಪರೀಕ್ಷೆಯಲ್ಲಿ ನನಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತಲ್ಲ, ಅದು ಸುಳ್ಳು."

"ನಾನೇ ಎಣಿಸಿದ್ದೀನಲ್ಲ."

"ಎಣಿಸಿದ್ದು ಸರಿ. ನಾನು ನೋಡಿದ್ದು ಸುಳ್ಳು."

ಮೇಡಂಗೆ ಅರ್ಥವಾಗಲಿಲ್ಲ. ಅತ್ತೆ ಆ ನೂರು ಬಾಟಲಿಗಳ ತಟ್ಟೆ ತರಿಸಲು ಕೇಳಿದಳು. ಬಂದ ಮೇಲೆ ಕಣ್ಣು ಮುಚ್ಚಿಕೊಂಡು ಮೇಜಿನ ಮುಂದೆ ಕೂತಳು. ಒಂದೊಂದೇ ಬಾಟಲಿಯ ತಳ, ಕತ್ತು, ಮುಚ್ಚಳದ ಅಂಚು ತಡವುತ್ತ, ಬೇಕಾದ್ದನ್ನು ಪಕ್ಕಕ್ಕೆ ತೆಗೆದಿಟ್ಟಳು. ಇಪ್ಪತ್ತರಲ್ಲಿ ಹದಿನೇಳು ಕೆಟ್ಟ ಬಾಟಲಿಗಳು. ಒಳ್ಳೆಯದು ಒಂದೂ ಅವುಗಳಲ್ಲಿ ಸೇರಿರಲಿಲ್ಲ.

ಮೇಡಂ ಬಹಳ ಹೊತ್ತು ಮೇಜಿನ ಮೇಲಿನ ಬಾಟಲಿಗಳನ್ನೇ ನೋಡಿದರಂತೆ. "ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು.

"ಹೌದು ಮೇಡಂ. ಅದಕ್ಕೇ ಹೆದರಿಕೆಯಾಯ್ತು."

"ಇದು ಎಲ್ಲರಿಗೂ ಹೀಗೇ ಗೊತ್ತಾ?"

ಈ ಪ್ರಶ್ನೆ ಬರುತ್ತದೆ ಎಂದು ಅತ್ತೆಗೆ ತಿಳಿದಿತ್ತು. ರಾತ್ರಿಯೆಲ್ಲ ಉತ್ತರ ಹುಡುಕಿದ್ದಳು. ಸಿಕ್ಕಿರಲಿಲ್ಲ. "ನನ್ನದು ನಾನು ಹೇಳಿದ್ದೀನಿ. ಬೇರೆಯವರದ್ದು ಬೇರೆಯವರನ್ನೇ ಕೇಳಿ," ಎಂದಳು. ಅಷ್ಟು ಹೇಳಿದ್ದೇ ಸಾಕಾಗಿತ್ತು.

ಅವತ್ತಿನಿಂದಲೇ ಅವಳನ್ನು ನೋಟದ ಕೋಣೆಯೊಳಗೆ ಬಿಡಲಿಲ್ಲ. ಕೊಡಬೇಕಾದ್ದನ್ನು ಕೊಟ್ಟು ತಿಂಗಳ ಕೊನೆಗೆ ಕಳಿಸಿದರು. ಗೋದಾಮಿನಲ್ಲಿದ್ದ ಅವಳ ತಟ್ಟೆಗಳನ್ನೆಲ್ಲ ಮತ್ತೆ ನೋಡಿಸಿದರು. ಹೊರಗೆ ಹೋದವನ್ನು ವಾಪಸು ಕರೆಸಲು ಪತ್ರ ಬರೆದರು. ಅವುಗಳಲ್ಲಿ ಏನು ಸಿಕ್ಕಿತು, ಎಷ್ಟು ಸಿಕ್ಕಿತು, ಯಾರಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಲು ಅತ್ತೆ ಎರಡು ಸಲ ಗೇಟಿನವರೆಗೆ ಹೋದಳು. ಅದನ್ನು ಹೊರಗಿನವರಿಗೆ ಹೇಳುವಂತಿಲ್ಲ ಎಂದು ಕಾವಲುಗಾರ ತಿಳಿಸಿದ. ಅವಳು ಹೊರಗಿನವಳಾಗಿ ಆಗ ಹನ್ನೊಂದು ದಿನವಾಗಿತ್ತು.

ಹೊಸ ನೂರು ಬಾಟಲಿಗಳು ಮೂರು ವಾರದಲ್ಲಿ ತಯಾರಾದವು. ಉಳಿದ ಏಳು ಹೆಂಗಸರಲ್ಲಿ ನಾಲ್ವರು ಪಾಸಾದರು. ಮೂವರು ಆಗಲಿಲ್ಲ. ಆ ಮೂವರಲ್ಲಿ ಗಿಣಿ ಒಬ್ಬಳು.

ನಾವು ಪಾತ್ರೆಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದಾಗ ಅವಳು ಬಂದಳು. ಒಳಗೆ ಬರಲಿಲ್ಲ. ಬಾಗಿಲಿನಲ್ಲೇ ನಿಂತಳು.

"ಹನ್ನೆರಡು ಹಿಡಿದೆ," ಎಂದಳು. "ಇಪ್ಪತ್ತಕ್ಕೆ ಹನ್ನೆರಡು."

ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡಲಿಲ್ಲ.

"ಒಳ್ಳೇವಳು ಅನ್ನಿಸ್ಕೊಂಡೆಯಲ್ಲ, ಅದನ್ನೇ ಬೇಯಿಸಿಕೊಂಡು ತಿನ್ನು. ನನ್ನ ಹೊಟ್ಟೆ ಮೇಲೆ ಹೊಡೆದು ಹೋಗ್ತಿದ್ದೀಯ."

"ನಿನಗೂ ಕಾಣ್ತಿರಲಿಲ್ಲ ಗಿಣೀ."

"ಕಾಣ್ತಿರಲಿಲ್ಲ. ನಾನೇನು ನಿನ್ನ ಕೇಳಿದ್ನಾ? ನಿನ್ನ ಕಣ್ಣು ನಿನ್ನದು, ಹೇಳ್ಕೊಂಡೆ. ನನ್ನ ಕಣ್ಣಿನ ವಿಚಾರ ಹೇಳೋಕೆ ನೀನ್ಯಾರು?" ಅವಳು ಹೋಗಲು ತಿರುಗಿದಳು. "ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತಿದ್ದೆ ಕಣೇ."

ಗಿಣಿ ಮೆಟ್ಟಿಲಿಳಿದು ಹೋದ ಮೇಲೂ ಅತ್ತೆ ಅದೇ ಪಾತ್ರೆಗೆ ಒಂದರ ಮೇಲೊಂದು ಕಾಗದ ಸುತ್ತುತ್ತಲೇ ಇದ್ದಳು.

ನನ್ನ ಪರೀಕ್ಷೆ ಮುಗಿದ ಮರುದಿನ ಅಪ್ಪ ಒಂದು ಸಣ್ಣ ಗಾಡಿ ಮಾಡಿಕೊಂಡು ಬಂದ. ಮಂಚ, ಸ್ಟೌವು, ಎರಡು ಪೆಟ್ಟಿಗೆ ಹೇರಿದ. ಅಕ್ಕನನ್ನು ಮುಂದಿನ ಸೀಟಿನಲ್ಲಿ ಜೋಪಾನವಾಗಿ ಕೂರಿಸಿದ. "ಇನ್ನು ನೀನು ಆರಾಮಾಗಿರಕ್ಕ. ಆ ಅಲೆದಾಟ ಎಲ್ಲ ಸಾಕು," ಎಂದ.

"ಸಾಕು ಅಂತ ನಾನು ಹೇಳಲಿಲ್ಲವಲ್ಲೋ," ಎಂದಳು ಅತ್ತೆ.

ಅಪ್ಪ ಕೆಟ್ಟವನಲ್ಲ. ಅಕ್ಕ ಎಡವದಿರಲಿ ಎಂದು ಹೊಸಿಲಿಗೆ ಬಿಳಿ ಬಣ್ಣ ಬಳಿಸಿದ. ಬಚ್ಚಲಿಗೆ ಹಗ್ಗ ಕಟ್ಟಿಸಿದ. ಅವಳು ಎದ್ದರೆ ಗಿರಣಿ ನಿಲ್ಲಿಸಿ ಓಡಿಬಂದು ಕೈ ಹಿಡಿಯುತ್ತಿದ್ದ. ಅತ್ತೆಯನ್ನು ಎಲ್ಲೂ ಒಬ್ಬಳೇ ಇರಲು ಬಿಡುತ್ತಿರಲಿಲ್ಲ. ಮೊದಲ ಆರು ತಿಂಗಳಲ್ಲಿ ನಾಲ್ಕು ಸಲ ಯಾರಿಗೂ ಹೇಳದೆ ರಸ್ತೆಗೆ ಹೋಗಿ ಬಸ್ಸು ಹತ್ತಿದಳು. ಮೂರು ಸಲ ಸುಮ್ಮನೆ ಹೋಗಿ ಬಂದಳು. ನಾಲ್ಕನೇ ಸಲ ಇಳಿಯುವಾಗ ಮೆಟ್ಟಿಲು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕಂಡಕ್ಟರನೇ ಆಟೋದಲ್ಲಿ ಮನೆಗೆ ತಂದುಬಿಟ್ಟ. ಅಪ್ಪ ಅವನ ಮೇಲೆ ಎಗರಾಡಿದ: "ಕಣ್ಣು ಕಾಣದವಳನ್ನ ಒಬ್ಬಳೇ ಹೇಗಯ್ಯಾ ಹತ್ತಿಸ್ಕೊಂಡೆ?"

ನಾನು ಆಗ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದೆ. ರಜೆಯಲ್ಲಿ ಬಂದಾಗ ಅವಳ ಮಣಿಕಟ್ಟಿನ ಪಟ್ಟಿ ಬಿಚ್ಚಿ ಎರಡು ವಾರವಾಗಿತ್ತು. ಮುಖ ಇಳಿದಿತ್ತು. ಎದುರಿಗೆ ಕೂತವರನ್ನು ನೋಡಲು ಅವರ ಕಿವಿಯ ಆಚೆ ಎಲ್ಲೋ ನೋಡಬೇಕಾಗಿತ್ತು. ಗಿಣಿಗೆ ಮೂರು ಪತ್ರ ಬರೆಸಿದ್ದಳಂತೆ, ಉತ್ತರ ಬಂದಿರಲಿಲ್ಲ.

"ಹೇಳಬಾರದಿತ್ತು ಅನ್ನಿಸುತ್ತಾ ಅತ್ತೆ?" ಎಂದು ಕೇಳಿದೆ.

"ಅನ್ನಿಸುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಅನ್ನಿಸುತ್ತೆ. ಊಟಕ್ಕೆ ಕೂತಾಗ ಗಿಣಿ ಮನೇಲಿ ಒಲೆ ಹೊತ್ತಿದೆಯೋ ಇಲ್ಲವೋ ಅಂತ ಅನ್ನಿಸುತ್ತೆ." ಮಣಿಕಟ್ಟನ್ನು ನೀವಿಕೊಳ್ಳುತ್ತ ಹೇಳಿದಳು: "ಆ ಮುದುಕ ತೋಳು ಚಾಚಿದ್ದು ನೆನಪಾದ್ರೆ ಅನ್ನಿಸೋದಿಲ್ಲ. ಎರಡೂ ಒಂದೇ ದಿನ ಆಗುತ್ತೆ. ಏನು ಮಾಡಲಿ?"

ಮರುದಿನ ಬೆಳಿಗ್ಗೆ ಅವಳು ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ಎಲ್ಲರ ಎದುರಿಗೇ ಬಾಗಿಲು ದಾಟಿದಳು. ಅಪ್ಪ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದ. ನಾನೂ ಹೋದೆ. ರಸ್ತೆಯ ಬದಿಗೆ ನಾವು ಮುಟ್ಟುವ ಹೊತ್ತಿಗೆ ಬಸ್ಸು ಬಂತು. ಅದೇ ಕಂಡಕ್ಟರ. ಅತ್ತೆ ಕೈ ಚಾಚಿ ತಡವಿ ಕಂಬಿ ಹಿಡಿದಳು.

"ಅಮ್ಮಾ, ಜೊತೆಗೆ ಯಾರು ಬರ್ತಾರೆ?"

"ಯಾರೂ ಇಲ್ಲ. ಕೊನೇ ಸ್ಟಾಪಿಗೆ ಒಂದು ಕೊಡು."

ಕಂಡಕ್ಟರ ಅವಳ ತಲೆಯ ಮೇಲಿನಿಂದ ಅಪ್ಪನನ್ನು ನೋಡಿದ. ಅಪ್ಪ ಬೇಡವೆಂದು ಕೈ ಅಲ್ಲಾಡಿಸಿದ. ನಾನು ಬರುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಳು.

"ನಿನ್ನನ್ನ ಕರೆದೆನಾ?"

"ಬೇಡಮ್ಮ, ನನ್ನ ಕೆಲಸ ಹೋಗುತ್ತೆ," ಎಂದ ಕಂಡಕ್ಟರ. ಆ ಮಾತಿಗೆ ಅತ್ತೆ ಕಂಬಿಯಿಂದ ಕೈ ತೆಗೆದಳು. ಅವನು ಸೀಟಿ ಊದಿದ. ಬಸ್ಸು ಹೋಯಿತು. ಧೂಳು ಕೂರುವವರೆಗೆ ಮೂವರೂ ಅಲ್ಲೇ ನಿಂತಿದ್ದೆವು.

"ಬಾರಕ್ಕ," ಎಂದು ಅಪ್ಪ ಅವಳ ತೋಳು ಹಿಡಿದ.

"ಬಿಡೋ. ಬಿದ್ರೆ ನಾನು ತಾನೇ ಬೀಳೋದು."

ಅಪ್ಪ ಬಿಟ್ಟ. ಅವಳು ಕಣ್ಣಂಚಿಗೆ ದಾರಿ ಕಾಣಲೆಂದು ಮುಖವನ್ನು ಚರಂಡಿಯ ಕಡೆಗೆ ತಿರುಗಿಸಿಕೊಂಡು, ನಮ್ಮಿಬ್ಬರಿಗಿಂತ ನಾಲ್ಕು ಹೆಜ್ಜೆ ಮುಂದೆ, ಮನೆಯ ಕಡೆಗೆ ನಡೆದಳು.